ಕಾಸ್ಮೊಸ್ ಹೆಸರಿಗೊಂದು ಊರು ಬೇಕಿತ್ತು

ನ್ಯೂಯಾರ್ಕ್ ಕಾಸ್ಮೊಸ್ ಮತ್ತೆ ಬರುತ್ತಿದೆ ಎಂಬ ಮಾತನ್ನು ಫುಟ್‌ಬಾಲ್ ಪ್ರೇಮಿಗಳು ಹಿಂದೆಯೂ ಕೇಳಿದ್ದಾರೆ. ಈ ಹೆಸರು ಒಮ್ಮೆ ಅಳಿದು, ಮತ್ತೆ ಎದ್ದು, ಪುನಃ ಮೂಲೆ ಸೇರಿತ್ತು. 2026ರಿಂದ ಅದನ್ನು ಮತ್ತೊಮ್ಮೆ ಕಣಕ್ಕಿಳಿಸುವುದಾಗಿ 2025ರ ಜುಲೈನಲ್ಲಿ ಘೋಷಣೆಯಾಯಿತು. ಈ ಸಲ ಆಡುವುದು ಯುಎಸ್‌ಎಲ್ ಲೀಗ್ ಒನ್‌ನಲ್ಲಿ, ಅಂದರೆ ಅಮೆರಿಕದ ವೃತ್ತಿಪರ ಫುಟ್‌ಬಾಲ್‌ನ ಮೂರನೇ ಹಂತದಲ್ಲಿ. ತವರು ಮೈದಾನ ನ್ಯೂಜೆರ್ಸಿಯ ಪ್ಯಾಟರ್‌ಸನ್ ಪಟ್ಟಣದ ಹಿಂಚ್‌ಲಿಫ್ ಕ್ರೀಡಾಂಗಣ. ಪೆಲೆ, ಬೆಕೆನ್‌ಬೌರ್ ಅವರ ತಂಡದ ಹೆಸರು ಮೂರನೇ ಹಂತಕ್ಕೆ ಇಳಿಯಿತಲ್ಲ ಎಂದು ಮರುಗುವವರಿದ್ದಾರೆ. ನನಗೆ ಮಾತ್ರ ಇದು ಈ ಹೆಸರಿಗೆ ಬಹಳ ವರ್ಷಗಳ ನಂತರ ಒದಗಿದ ಒಳ್ಳೆಯ ಕಾಲವೆಂದೇ ತೋರುತ್ತದೆ.

ಹಳೆಯ ಕಾಸ್ಮೊಸ್‌ನ ವೈಭವ ನೆನೆಯುವಾಗ ಅದು ಎಲ್ಲಿಂದ ಹೊರಟಿತೆಂಬುದನ್ನು ಮರೆಯಬಾರದು. 1975ರ ಜೂನ್‌ನಲ್ಲಿ ಪೆಲೆ ಮೊದಲ ಪಂದ್ಯ ಆಡಿದ್ದು ರಾಂಡಲ್ಸ್ ದ್ವೀಪದ ಡೌನಿಂಗ್ ಕ್ರೀಡಾಂಗಣದಲ್ಲಿ. ಅಲ್ಲಿ ಹುಲ್ಲಿಗಿಂತ ಬರಿ ಮಣ್ಣೇ ಹೆಚ್ಚು. ಟಿ.ವಿ.ಯಲ್ಲಿ ಚೆನ್ನಾಗಿ ಕಾಣಲೆಂದು ಆ ಮಣ್ಣಿಗೆ ಹಸಿರು ಬಣ್ಣ ಹೊಡೆಸಿದ್ದರು. ಪಂದ್ಯ ಮುಗಿಸಿ ಬಂದ ಪೆಲೆ ತಮ್ಮ ಪಾದಕ್ಕೆ ಮೆತ್ತಿಕೊಂಡ ಹಸಿರು ಕಂಡು ಏನೋ ಚರ್ಮರೋಗ ತಗುಲಿತೆಂದು ಗಾಬರಿಯಾದರು ಎಂದು ಆ ಕಾಲದವರು ಹೇಳುತ್ತಾರೆ. ಎರಡೇ ವರ್ಷದಲ್ಲಿ, 1977ರ ಆಗಸ್ಟ್‌ನಲ್ಲಿ, ಜೈಂಟ್ಸ್ ಕ್ರೀಡಾಂಗಣದಲ್ಲಿ 77 ಸಾವಿರಕ್ಕೂ ಹೆಚ್ಚು ಜನ ಕಾಸ್ಮೊಸ್ ಆಟ ನೋಡಲು ಸೇರಿದರು. ಮರು ತಿಂಗಳು ಇದೇ ತಂಡ ಕಲ್ಕತ್ತಕ್ಕೆ ಬಂದು ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗಾನ್ ಎದುರು 2–2 ಡ್ರಾ ಮಾಡಿಕೊಂಡಿತು. ಭಾರತದ ಫುಟ್‌ಬಾಲ್ ಮಂದಿ ಇಂದಿಗೂ ಮಾತಾಡುವ ಪಂದ್ಯ ಅದು. ಪೆಲೆ ವಿದಾಯ ಹೇಳಿದ್ದು ಅದಾದ ಒಂದೇ ವಾರಕ್ಕೆ.

1984ರ ಋತುವಿನ ನಂತರ, ಕಾಸ್ಮೊಸ್ ಆಡುತ್ತಿದ್ದ ಎನ್‌ಎಎಸ್‌ಎಲ್ ಲೀಗೇ ಮುಚ್ಚಿತು. ಕಾಸ್ಮೊಸ್ ಹೆಸರಿನ ಹಕ್ಕು ತಂಡದ ಆಡಳಿತದಲ್ಲಿದ್ದ ಪೆಪ್ಪೆ ಪಿಂಟನ್ ಕೈಯಲ್ಲಿ ಉಳಿಯಿತು. ಅವರು ಅದೇ ಹೆಸರಿನಲ್ಲಿ ಮಕ್ಕಳಿಗೆ ಫುಟ್‌ಬಾಲ್ ಶಿಬಿರ ನಡೆಸುತ್ತ, ಹಳೆಯ ಟ್ರೋಫಿಗಳನ್ನು ಜೋಪಾನ ಮಾಡಿದರು. ಕಾಸ್ಮೊಸ್ ಚರಿತ್ರೆಯಲ್ಲಿ ಅವರಿಗೆ ಸಿಗಬೇಕಾದ ಜಾಗ ಸಿಕ್ಕಿಲ್ಲ ಎಂದೇ ನನ್ನ ಭಾವನೆ. ಅವರಿಂದ ಹಕ್ಕು ಕೊಂಡವರು ಇಂಗ್ಲೆಂಡಿನ ಉದ್ಯಮಿ ಪಾಲ್ ಕೆಮ್ಸ್‌ಲಿ. 2010ರಲ್ಲಿ ಪೆಲೆ ಗೌರವ ಅಧ್ಯಕ್ಷರಾದರು, 2011ರಲ್ಲಿ ಎರಿಕ್ ಕ್ಯಾಂಟೊನಾ ಫುಟ್‌ಬಾಲ್ ನಿರ್ದೇಶಕರಾದರು, ಲಾಂಛನ ಹೊತ್ತ ಅಂಗಿ–ಜಾಕೆಟ್ಟುಗಳು ಅಂಗಡಿಗೆ ಬಂದವು. ಲೀಗ್‌ನಲ್ಲಿ ಆಡುವ ತಂಡ ಮಾತ್ರ ಇರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎನ್ನುವ ಸ್ಥಿತಿ. 2013ರಲ್ಲಿ ಹೊಸ ಎನ್‌ಎಎಸ್‌ಎಲ್‌ನಲ್ಲಿ ಆಟ ಶುರುವಾದ ಮೇಲೆ ತಂಡ ಚೆನ್ನಾಗಿಯೇ ಆಡಿತು. 2013, 2015, 2016ರಲ್ಲಿ ಪ್ರಶಸ್ತಿಯನ್ನೂ ಗೆದ್ದಿತು. ಆದರೆ ಲಾಂಗ್ ಐಲೆಂಡ್‌ನ ವಿಶ್ವವಿದ್ಯಾಲಯದ ಮೈದಾನ, ಆಮೇಲೆ ಕೋನಿ ಐಲೆಂಡ್‌ನ ಬೇಸ್‌ಬಾಲ್ ಅಂಗಳ ಎಂದು ಬಾಡಿಗೆ ಬಿಡಾರದಲ್ಲೇ ಕಾಲ ಕಳೆಯಿತು. ಲೀಗ್ ಕುಸಿದಾಗ ತಂಡವೂ ಕುಸಿಯಿತು. 2020ರಲ್ಲಿ ಸಣ್ಣ ಲೀಗೊಂದರಲ್ಲಿ ಕೆಲವು ಪಂದ್ಯ ಆಡಿ ಸುಮ್ಮನಾಯಿತು.

ಸಿಯಾಟಲ್‌ನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಅಲ್ಲಿನ ಸೌಂಡರ್ಸ್ 1974ರ ತಂಡ, 1983ರಲ್ಲಿ ಮುಚ್ಚಿತು. 1994ರಲ್ಲಿ ಕೆಳಗಿನ ಲೀಗ್‌ನಲ್ಲಿ ಅದೇ ಹೆಸರಿನ ತಂಡ ಹುಟ್ಟಿತು. ನಗರಕ್ಕೆ ಅಮೆರಿಕದ ಅಗ್ರ ಹಂತದ ಮೇಜರ್ ಲೀಗ್ ಸಾಕರ್ ತಂಡ ಮಂಜೂರಾದ ಮೇಲೆ, 2008ರಲ್ಲಿ, ಮಾಲೀಕರು ಅಭಿಮಾನಿಗಳ ಮುಂದೆ ಮೂರು ಹೆಸರಿಟ್ಟು ಮತ ಕೇಳಿದರು: ಸಿಯಾಟಲ್ ಎಫ್‌ಸಿ, ರಿಪಬ್ಲಿಕ್, ಅಲಯನ್ಸ್. ಪಟ್ಟಿಯಲ್ಲಿ ಸೌಂಡರ್ಸ್ ಇರಲೇ ಇಲ್ಲ. ಜನ ಸಿಟ್ಟಾದರು. ಬೇಕಾದ ಹೆಸರನ್ನು ತಾವೇ ಬರೆಯಲು ಅವಕಾಶ ಕೊಡಬೇಕಾಯಿತು; ಬಂದ ಮತಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಪಟ್ಟಿಯಲ್ಲಿಲ್ಲದ ಸೌಂಡರ್ಸ್‌ಗೇ ಬಿದ್ದವು. ಮಾಲೀಕರು ಆ ತೀರ್ಪಿಗೆ ತಲೆಬಾಗಿದರು. ಅಷ್ಟೇ ಅಲ್ಲ, ಕ್ಲಬ್‌ನ ಜನರಲ್ ಮ್ಯಾನೇಜರ್ ಮುಂದುವರಿಯಬೇಕೇ ಬೇಡವೇ ಎಂದು ಅಭಿಮಾನಿಗಳು ಮತ ಹಾಕುವ ವ್ಯವಸ್ಥೆಯನ್ನೂ ಮಾಡಿದರು. 2009ರ ಮಾರ್ಚ್‌ನ ಮೊದಲ ಪಂದ್ಯಕ್ಕೆ 32 ಸಾವಿರಕ್ಕೂ ಹೆಚ್ಚು ಜನ ಬಂದರು. ಹೊಚ್ಚ ಹೊಸ ತಂಡವೊಂದಕ್ಕೆ ಇಷ್ಟು ಜನ ಸುಮ್ಮನೆ ಬರುವುದಿಲ್ಲ. ಮೂವತ್ತೈದು ವರ್ಷ ಊರು ಕಾಪಾಡಿಕೊಂಡ ಹೆಸರಿನ ಬಲ ಅದು.

ಕಾಸ್ಮೊಸ್‌ಗೆ ನಿಧಿಯೂ ಇತ್ತು, ತಾರೆಯರೂ ಇದ್ದರು. ಇರದಿದ್ದದ್ದು ‘ಇದು ನಮ್ಮದು’ ಎನ್ನುವ ಒಂದು ಊರು. ಪ್ಯಾಟರ್‌ಸನ್ ಬಗ್ಗೆ ನನಗೆ ಆಸೆ ಮೂಡಿರುವುದು ಅದಕ್ಕೇ. ಹಿಂಚ್‌ಲಿಫ್ 1932ರ ಕ್ರೀಡಾಂಗಣ. ವರ್ಣಭೇದದ ಕಾಲದಲ್ಲಿ ಕಪ್ಪು ಆಟಗಾರರ ಬೇಸ್‌ಬಾಲ್ ತಂಡಗಳು ಆಡಿದ ಅಂಗಳ. ದಶಕಗಟ್ಟಲೆ ಪಾಳುಬಿದ್ದು, ದುರಸ್ತಿಯಾಗಿ 2023ರಲ್ಲಿ ತೆರೆಯಿತು. ಅದರ ಜೀರ್ಣೋದ್ಧಾರಕ್ಕೆ ದುಡಿದ ಬಾಯೆ ಅಡೊಫೊ–ವಿಲ್ಸನ್ ಅವರೇ ಹೊಸ ಕ್ಲಬ್ಬಿನ ಮುಂಚೂಣಿಯಲ್ಲಿದ್ದಾರೆ. ವಲಸೆ ಬಂದವರು ತುಂಬಿರುವ, ಬೀದಿ ಬೀದಿಯಲ್ಲಿ ಫುಟ್‌ಬಾಲ್ ಬಲ್ಲವರಿರುವ ಪಟ್ಟಣ ಅದು. ಅಲ್ಲಿನ ಹುಡುಗ ಹುಡುಗಿಯರು ನಡೆದುಕೊಂಡೇ ಪಂದ್ಯಕ್ಕೆ ಬರುವಂತಾದರೆ ಮೂರನೇ ಹಂತ ಎಂಬುದೊಂದು ಕೊರತೆಯೇ ಅಲ್ಲ.

ಹೆಸರಿನ ಹಕ್ಕು ಕಾಗದದ ಮೇಲೆ ಯಾರದ್ದಾಗಿರಬೇಕು ಎಂಬ ಪ್ರಶ್ನೆಗೆ ಇಂಗ್ಲೆಂಡ್ ಒಂದು ದಾರಿ ತೋರಿಸಿದೆ. ವಿಂಬಲ್ಡನ್ ತಂಡವನ್ನು ಮಿಲ್ಟನ್ ಕೇನ್ಸ್‌ಗೆ ಸಾಗಿಸಲು 2002ರಲ್ಲಿ ಅನುಮತಿ ಸಿಕ್ಕಾಗ ಅಭಿಮಾನಿಗಳೇ ಎಎಫ್‌ಸಿ ವಿಂಬಲ್ಡನ್ ಕಟ್ಟಿದರು. 1988ರ ಎಫ್‌ಎ ಕಪ್ ಸೇರಿದಂತೆ ಹಳೆಯ ಕ್ಲಬ್ಬಿನ ಗೌರವಗಳೆಲ್ಲ 2007ರಲ್ಲಿ ಆ ಪ್ರದೇಶದ ಸ್ಥಳೀಯ ಆಡಳಿತವಾದ ಮೆರ್ಟನ್ ಕೌನ್ಸಿಲ್ ವಶಕ್ಕೆ ಬಂದವು. ನೆನಪು ಊರಿನ ಸ್ವತ್ತಾಗಿ ಉಳಿಯಿತು. ಯಾವ ಮಾಲೀಕನೂ ಅದನ್ನು ಮಾರಲಾರ. ಅಮೆರಿಕದ ಸ್ಯಾನ್‌ಹೋಸೆ ತಂಡ 2006ರಲ್ಲಿ ಹ್ಯೂಸ್ಟನ್‌ಗೆ ಹೋದಾಗಲೂ ಅರ್ತ್‌ಕ್ವೇಕ್ಸ್ ಎಂಬ ಹೆಸರು, ಬಣ್ಣ, ದಾಖಲೆ ಊರಲ್ಲೇ ಉಳಿದವು; 2008ರಲ್ಲಿ ಹೊಸ ತಂಡ ಅವನ್ನು ಹೊತ್ತು ಮೈದಾನಕ್ಕಿಳಿಯಿತು.

ನಮ್ಮಲ್ಲಿ ಇಂಥ ಯಾವ ಏರ್ಪಾಡೂ ಇಲ್ಲ. 2020ರಲ್ಲಿ ಎಟಿಕೆ ಕ್ಲಬ್ ಜೊತೆಗಿನ ವಿಲೀನದಿಂದ ಮೋಹನ್ ಬಾಗಾನ್ ಹೆಸರಿನ ಮುಂದೆ ಎಟಿಕೆ ಅಂಟಿಕೊಂಡಾಗ ಅಭಿಮಾನಿಗಳು ಮೂರು ವರ್ಷ ಹೋರಾಡಬೇಕಾಯಿತು. ಆ ಮೂರಕ್ಷರ ತೆಗೆಯುವ ಘೋಷಣೆ ಬಂದದ್ದು 2023ರ ಮಾರ್ಚ್‌ನಲ್ಲಿ, ಐಎಸ್‌ಎಲ್ ಫೈನಲ್‌ನಲ್ಲಿ ನಮ್ಮ ಬೆಂಗಳೂರು ಎಫ್‌ಸಿಯನ್ನು ಪೆನಾಲ್ಟಿಯಲ್ಲಿ ಸೋಲಿಸಿದ ರಾತ್ರಿ. ಕರ್ನಾಟಕದ ಫುಟ್‌ಬಾಲ್‌ಗೂ ಹಳೆಯ ಹೆಸರುಗಳ ದೊಡ್ಡ ಆಸ್ತಿಯಿದೆ. 1937ರಲ್ಲಿ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಐಟಿಐ, ಎಚ್‌ಎಎಲ್ ತಂಡಗಳಿದ್ದವು. ಸಂತೋಷ್ ಟ್ರೋಫಿ ಗೆದ್ದ ಮೈಸೂರು ತಂಡವಿತ್ತು. ಇವುಗಳ ಟ್ರೋಫಿ, ಚಿತ್ರ, ಆಟಗಾರರ ಪಟ್ಟಿಗಳನ್ನು ಒಂದೆಡೆ ಸೇರಿಸಿಡುವ ಕೆಲಸ ರಾಜ್ಯ ಫುಟ್‌ಬಾಲ್ ಸಂಸ್ಥೆಯದು, ಅದೂ ಯಾರೋ ಬಂಡವಾಳಗಾರರು ಇವುಗಳಲ್ಲೊಂದನ್ನು ಕೇಳಿಕೊಂಡು ಬರುವ ಮೊದಲೇ. ಹಾಗೆ ಬಂದವರಿಗೆ ಹೆಸರು ಕೊಡುವುದಾದರೆ ಷರತ್ತಿನ ಮೇಲೆ ಕೊಡಬೇಕು: ತವರು ಮೈದಾನ ಈ ಊರಿನದೇ ಆಗಿರಬೇಕು, ಹೆಸರು ಬದಲಿಸುವ ಮುನ್ನ ಅಭಿಮಾನಿಗಳ ಮತ ಕೇಳಬೇಕು, ಕ್ಲಬ್ ಮುಚ್ಚಿದರೆ ಹೆಸರು ಸಂಸ್ಥೆಗೇ ಮರಳಬೇಕು.