ಕ್ರೀಡೆಯ ಗದ್ದುಗೆ ಯಾರ ಸ್ವತ್ತು?

2030ರ ಕಾಮನ್‌ವೆಲ್ತ್ ಕ್ರೀಡೆಗಳನ್ನು ಅಹಮದಾಬಾದಿನಲ್ಲಿ ನಡೆಸಬೇಕೆಂದು 2025ರ ನವೆಂಬರಿನಲ್ಲಿ ತೀರ್ಮಾನವಾಯಿತು. ದೇಶದ ಕೀರ್ತಿಯ ಮಾತು ಎಲ್ಲೆಡೆ ಕೇಳಿಬಂದಿತು. ಆ ಸಂಭ್ರಮಕ್ಕೆ ನಮ್ಮ ಅಡ್ಡಿಯಿಲ್ಲ. ಆದರೆ ಇದೇ ಕ್ರೀಡೆಗಳು 2010ರಲ್ಲಿ ದಿಲ್ಲಿಯಲ್ಲಿ ನಡೆದಾಗ ಆದುದೇನು? ದುಡಿಯುವ ಜನರ ಮಟ್ಟಿಗೆ ಆ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

ಆ ಲೆಕ್ಕದ ನಟ್ಟನಡುವೆ ನಿಂತ ಹೆಸರು ಸುರೇಶ ಕಲ್ಮಾಡಿಯವರದು. ಪುಣೆಯಲ್ಲಿ ನೆಲೆನಿಂತ ಕನ್ನಡ ಮನೆತನ ಅವರದು, ತಂದೆ ಡಾ. ಶಾಮರಾಯರ ಹೆಸರಿನ ಶಾಲೆಯನ್ನು ಅಲ್ಲಿಯ ಕನ್ನಡ ಸಂಘ ನಡೆಸುತ್ತ ಬಂದಿದೆ. 1944ರಲ್ಲಿ ಜನಿಸಿದ ಸುರೇಶರು ವಾಯುಸೇನೆಯಲ್ಲಿ ವಿಮಾನ ನಡೆಸಿದರು. ಆಮೇಲೆ ಕಾಂಗ್ರೆಸ್ಸಿನ ರಾಜಕಾರಣಕ್ಕೆ ಇಳಿದರು. 1982ರಲ್ಲಿ ರಾಜ್ಯಸಭೆ, 1995ರಲ್ಲಿ ರೈಲ್ವೆಯ ರಾಜ್ಯಮಂತ್ರಿ ಪದವಿ, 1996ರಲ್ಲಿ ಪುಣೆಯಿಂದ ಲೋಕಸಭೆ. ಅದೇ 1996ರಲ್ಲಿ ಭಾರತೀಯ ಒಲಿಂಪಿಕ್ ಸಂಘದ ಅಧ್ಯಕ್ಷಗಿರಿಯೂ ಅವರ ಕೈಸೇರಿತು. 2011ರಲ್ಲಿ ಬಂಧನವಾಗುವ ತನಕ ಅವರನ್ನು ಅಲ್ಲಿಂದ ಯಾರೂ ಕದಲಿಸಲಿಲ್ಲ. ಗರಡಿಯ ಪೈಲವಾನ ಹದಿನೈದು ವರ್ಷ ಗದೆ ಉಳಿಸಿಕೊಳ್ಳುವುದು ಕಷ್ಟ. ಪ್ರತಿ ಜಾತ್ರೆಗೂ ಹೊಸ ಜೋಡಿ ಎದುರಾಗುತ್ತದೆ. ಕುರ್ಚಿಯ ಕುಸ್ತಿಗೆ ಮಾತ್ರ ನಿಯಮವೇ ಬೇರೆ!

2003ರಲ್ಲಿ ದಿಲ್ಲಿಗೆ ಕ್ರೀಡೆಗಳನ್ನು ಬೇಡಿದಾಗ ತೋರಿಸಿದ ಅಂದಾಜು ಸುಮಾರು 1,200 ಕೋಟಿ ರೂಪಾಯಿ. 2011ರ ಮಹಾಲೇಖಪಾಲರ ವರದಿಯಂತೆ ಒಟ್ಟು ವೆಚ್ಚ 18,532 ಕೋಟಿ! ಓಟದ ಸಮಯ ಅಳೆಯುವ ಯಂತ್ರಗಳ ಒಂದು ಕಂತ್ರಾಟೇ 141 ಕೋಟಿಯದು. ಅದರಲ್ಲಿ ಬೊಕ್ಕಸಕ್ಕೆ 90 ಕೋಟಿಗೂ ಹೆಚ್ಚು ನಷ್ಟವಾಯಿತೆಂದು ಸಿ.ಬಿ.ಐ. ಆರೋಪಿಸಿ, 2011ರ ಏಪ್ರಿಲಿನಲ್ಲಿ ಕಲ್ಮಾಡಿಯವರನ್ನು ಬಂಧಿಸಿತು. ಸುಮಾರು ಒಂಬತ್ತು ತಿಂಗಳು ತಿಹಾರ ಜೈಲಿನಲ್ಲಿದ್ದು ಅವರು ಜಾಮೀನಿನ ಮೇಲೆ ಹೊರಬಂದರು.

ಇದು ಕಾಗದದ ಲೆಕ್ಕ. ಮೈಮುರಿದು ದುಡಿದವರ ಲೆಕ್ಕ ಬೇರೆಯೇ ಇದೆ. ಕ್ರೀಡಾಂಗಣ ಕಟ್ಟಿದ ಕೂಲಿಗಳಿಗೆ ಕನಿಷ್ಠ ವೇತನವೂ ಸರಿಯಾಗಿ ಸಿಗುತ್ತಿಲ್ಲವೆಂದು ದಿಲ್ಲಿ ಹೈಕೋರ್ಟು ನೇಮಿಸಿದ ಸಮಿತಿಯೇ 2010ರಲ್ಲಿ ವರದಿ ಕೊಟ್ಟಿತು. ಸಪ್ಟೆಂಬರ್ 21ರಂದು ನೆಹರೂ ಕ್ರೀಡಾಂಗಣದ ಬಳಿಯ ಕಾಲುಸೇತುವೆ ಕುಸಿದು ಇಪ್ಪತ್ತಕ್ಕೂ ಹೆಚ್ಚು ಕೂಲಿಗಳು ಗಾಯಗೊಂಡರು. ಗುಡಿಸಲುಗಳನ್ನು ಕಿತ್ತೊಗೆದು ಬಡವರನ್ನು ಹೊರದಬ್ಬಿದರು. ಹಿಡಕಲ್ ಆಣೆಕಟ್ಟಿಗಾಗಿ ಹೊಲಮನೆ ಬಿಟ್ಟು ಬಂದವರಿಗೆ ಈ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಆಣೆಕಟ್ಟು ಹೊಲಗಳಿಗೆ ನೀರನ್ನಾದರೂ ಕೊಟ್ಟಿತು. ಹನ್ನೆರಡು ದಿನದ ಆಟ ಅವರಿಗೇನು ಕೊಟ್ಟಿತು?

ಕಲ್ಮಾಡಿಯವರ ಮೇಲಿನ ಹಣದ ಅಕ್ರಮ ವರ್ಗಾವಣೆಯ ಪ್ರಕರಣವನ್ನು 2025ರ ಏಪ್ರಿಲಿನಲ್ಲಿ ದಿಲ್ಲಿಯ ನ್ಯಾಯಾಲಯ ಮುಕ್ತಾಯಗೊಳಿಸಿತು. ನ್ಯಾಯಾಲಯ ಅಪರಾಧಿ ಎನ್ನದವರನ್ನು ಕಳ್ಳರೆಂದು ಕೂಗುವುದು ನಮ್ಮ ಪಕ್ಷದ ರೀತಿಯಲ್ಲ. ಆದರೆ ನಮ್ಮ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ, ಇನ್ನೂ ತೀವ್ರವಾಗುತ್ತದೆ. ಯಾರೂ ತಪ್ಪು ಮಾಡಲಿಲ್ಲವೆಂದಾದರೆ 1,200 ಕೋಟಿ 18,532 ಕೋಟಿಯಾದುದಕ್ಕೆ ಹೊಣೆ ಯಾರು? ಗಿರಣಿ ಕಾಮಗಾರ ಹತ್ತು ಮಿನಿಟು ತಡವಾಗಿ ಬಂದರೆ ಪಗಾರಕ್ಕೆ ಕತ್ತರಿ ಬೀಳುತ್ತದೆ. ಕಿರಾಣಿ ಅಂಗಡಿಯವನು ಜಿ.ಎಸ್.ಟಿ. ಪತ್ರಕ ತುಂಬಲು ತಡಮಾಡಿದರೆ ದಿನದ ಲೆಕ್ಕದಲ್ಲಿ ದಂಡ. ದೊಡ್ಡವರ ಲೆಕ್ಕ ತಪ್ಪಿದರೆ ಮಾತ್ರ ಸಮಿತಿ, ವರದಿ, ಕಪಾಟು!

ಇದು ನಮ್ಮ ದೇಶದ ರೋಗ ಮಾತ್ರವಲ್ಲ. ರಷ್ಯಾದಲ್ಲಿ ವಿತಾಲಿ ಮುತ್ಕೊ 2008ರಿಂದ 2016ರ ವರೆಗೆ ಕ್ರೀಡಾಮಂತ್ರಿಯಾಗಿದ್ದರು. ಫುಟ್‌ಬಾಲ್ ಸಂಘದ ಯಜಮಾನಿಕೆಯೂ ಅವರದೇ. 2014ರ ಸೋಚಿ ಒಲಿಂಪಿಕ್ಸಿನ ಮದ್ದಿನ ಹಗರಣ ಬಯಲಾಯಿತು. ಅಲ್ಲಿ ಅವರಿಗೆ ಸಿಕ್ಕಿದ್ದು ಉಪಪ್ರಧಾನಿ ಪಟ್ಟ! 2017ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಹಾಕಿದ ಆಜೀವ ಬಹಿಷ್ಕಾರವನ್ನು, ನಿಯಮದ ಆಧಾರವಿಲ್ಲವೆಂದು, 2019ರಲ್ಲಿ ಕ್ರೀಡಾ ಪಂಚಾಯ್ತಿ ನ್ಯಾಯಾಲಯ ರದ್ದು ಮಾಡಿತು. ಸರಕಾರದ ಕೈಯೂ ಕ್ರೀಡಾಸಂಘದ ಕೈಯೂ ಒಂದೇ ಆದಲ್ಲಿ ಹಿಡಿಯುವವರಾರು, ಹಿಡಿಸಿಕೊಳ್ಳುವವರಾರು?

ನಮ್ಮಲ್ಲಿ 2016ರ ಡಿಸೆಂಬರಿನಲ್ಲಿ ಒಲಿಂಪಿಕ್ ಸಂಘವು ಇದೇ ಕಲ್ಮಾಡಿಯವರನ್ನು ಆಜೀವ ಅಧ್ಯಕ್ಷರೆಂದು ಸಾರಿತು. ಜನ ಛೀಮಾರಿ ಹಾಕಿದ ಮೇಲೆ ಅವರು ಆ ಗೌರವವನ್ನು ಸ್ವೀಕರಿಸಲಿಲ್ಲ. 2025ರ ಕ್ರೀಡಾ ಆಡಳಿತ ಕಾಯಿದೆ ಬಂದಿದೆ. ಆದರೆ ಸರಕಾರದ ಹಣ ಪಡೆಯುವ ಸಂಘಗಳಿಗೆ ಮಾತ್ರ, ಆ ಹಣದ ಮಟ್ಟಿಗೆ ಮಾತ್ರ, ಮಾಹಿತಿ ಹಕ್ಕು ಅನ್ವಯಿಸುವಂತೆ ಅದನ್ನು ಸಡಿಲಿಸಲಾಯಿತು. ಬಾಗಿಲು ಹಾಕಿ ಕಿಟಕಿ ತೆರೆದಿಟ್ಟಂತಾಯಿತು.

ದಿಲ್ಲಿಯ ಆ ಕ್ರೀಡೆಗಳಲ್ಲಿಯೇ ಕುಂದಾಪುರದ ಕಡೆಯ ಅಶ್ವಿನಿ ಅಕ್ಕುಂಜಿ ರಿಲೇ ಓಟದಲ್ಲಿ ಚಿನ್ನ ಗೆದ್ದರು. ಸಿರಸಿಯ ಕಾಶೀನಾಥ ನಾಯ್ಕರು ಭರ್ಜಿ ಎಸೆತದಲ್ಲಿ ಕಂಚು ತಂದರು. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಾಮಗಾರರ ಮಕ್ಕಳಲ್ಲಿಯೂ ಅಂಥ ಕಸುವಿದೆ. ಅವರಿಗೆ ಬೇಕಾದದ್ದು ಮೈದಾನ, ಹಾಲು, ತರಬೇತಿ.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ಅಧಿಕಾರದಲ್ಲಿರುವ ರಾಜಕಾರಣಿ ಕ್ರೀಡಾಸಂಘದ ಕುರ್ಚಿಯಲ್ಲಿ ಕೂಡಬಾರದು. ಅಹಮದಾಬಾದಿನ ಪ್ರತಿಯೊಂದು ಕಂತ್ರಾಟು, ಪ್ರತಿಯೊಬ್ಬ ಕೂಲಿಯ ಪಗಾರದ ಪತ್ರಕ ಸಾರ್ವಜನಿಕವಾಗಬೇಕು. ಅಲ್ಲಿ ಸುರಿಯುವ ಹಣದ ಒಂದು ಪಾಲು ತಾಲೂಕಿನ ಗರಡಿಗೂ ಮೈದಾನಕ್ಕೂ ಬರಬೇಕು. ಗಿರಣಿಯ ಗೇಟಿನಲ್ಲಿ, ಸಂತೆಪೇಟೆಯಲ್ಲಿ ಈ ಮಾತು ಚರ್ಚೆಯಾಗಲಿ. ಓಟು ಕೇಳಲು ಬಂದವರ ಮುಂದೆ ಈ ಪ್ರಶ್ನೆ ನಿಲ್ಲಲಿ. ಆಟ ಮುಗಿದ ಮೇಲೆ ಕೇಳಿದ ಲೆಕ್ಕಕ್ಕೆ ಉತ್ತರ ಬರುವುದಿಲ್ಲವೆಂಬುದನ್ನು ದಿಲ್ಲಿ ತೋರಿಸಿಕೊಟ್ಟಿದೆ. ಆಟ ಶುರುವಾಗುವ ಮುನ್ನವೇ ಕೇಳೋಣ.