ವಿದ್ಯುತ್ ಇಂಜಿನಿಯರ್ ಆಗಲು ಬಾಗಿಲು ಒಂದೇ ಅಲ್ಲ

ತುಕ್ಕಾನಟ್ಟಿ ಕಡೆಯ ಶಾಲೆಯೊಂದರಲ್ಲಿ ಏಳನೆಯ ತರಗತಿಗೆ ವಿದ್ಯುತ್ ಮಂಡಲದ ಪಾಠ ನಡೆದಿತ್ತು. ಶುಷ್ಕಕೋಶ, ಬಲ್ಬು, ತಂತಿ ಕೈಗೆ ಕೊಟ್ಟಾಗ ಎಲ್ಲರಿಗಿಂತ ಮೊದಲು ದೀಪ ಹೊತ್ತಿಸಿದವನು ಹಿಂದಿನ ಸಾಲಿನ ಹುಡುಗ. “ಮುಂದ ಇಂಜಿನಿಯರ್ ಆಗ್ತೀಯೇನು?” ಎಂದು ಕೇಳಿದೆ. “ಅದು ಪಿಯುಸಿ ಸೈನ್ಸ್ ಓದಿದವ್ರಿಗೆ ರೀ ಸರ್. ನಮ್ಮಣ್ಣ ಐಟಿಐ ಮಾಡ್ಯಾನ, ನಾನೂ ಅದನ್ನ ಮಾಡ್ತೀನ್ರಿ” ಎಂದ. ಐಟಿಐ ಕೀಳಲ್ಲ. ಆದರೆ ಅದರಾಚೆ ದಾರಿಯೇ ಇಲ್ಲ ಎಂದು ಆ ಹುಡುಗ ಈಗಲೇ ನಂಬಿದ್ದ. ಹಾಗೆ ನಂಬಿಸಿದವರು ದೊಡ್ಡವರಾದ ನಾವೇ.

ಸ್ವಲ್ಪ ಲೆಕ್ಕ ಹಾಕೋಣ. ಎಸ್ಸೆಸ್ಸೆಲ್ಸಿ ನಂತರ ಪಿಯುಸಿ 2 ವರ್ಷ, ಸಿಇಟಿ ಬರೆದು ಬಿ.ಇ. 4 ವರ್ಷ, ಒಟ್ಟು 6. ಪಾಲಿಟೆಕ್ನಿಕ್ ಡಿಪ್ಲೊಮಾ 3 ವರ್ಷ, ಬಳಿಕ ನೇರವಾಗಿ ಬಿ.ಇ. ಎರಡನೆಯ ವರ್ಷಕ್ಕೆ ಸೇರಿದರೆ ಇನ್ನು 3 ವರ್ಷ. ಅದೂ 6! ಐಟಿಐ ಎಲೆಕ್ಟ್ರಿಷಿಯನ್ 2 ವರ್ಷ ಮುಗಿಸಿದವರಿಗೂ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರುವ ಅವಕಾಶವಿದೆ. ಆ ದಾರಿಯಲ್ಲಿ ಬಂದರೆ 7. ಒಂದು ವರ್ಷ ಹೆಚ್ಚು, ಅಷ್ಟೆ. ನಡುವೆ ಮನೆಯ ತೊಂದರೆಯಿಂದ ಓದು ನಿಂತರೂ ಐಟಿಐ, ಡಿಪ್ಲೊಮಾಗಳು ಅನ್ನಕ್ಕೆ ದಾರಿಯಾಗುತ್ತವೆ. ಬಡ ಮನೆಯ ಮಗುವಿಗೆ ಇದು ಸಣ್ಣ ಮಾತಲ್ಲ.

ನಮ್ಮ ಮಕ್ಕಳು ಇಂಜಿನಿಯರರ ಕೆಲಸವನ್ನೇ ಕಂಡಿಲ್ಲ. ಹೊಲದ ಟಿ.ಸಿ. ಸುಟ್ಟಾಗ ಕಂಬ ಹತ್ತುವ ಲೈನ್‌ಮನ್ ಕಾಣುತ್ತಾರೆ. ಆ ಟಿ.ಸಿ. ಎಷ್ಟು ಪಂಪ್‌ಸೆಟ್‌ಗಳ ಭಾರ ತಾಳೀತು, ತಂತಿ ಎಷ್ಟು ದಪ್ಪವಿರಬೇಕು ಎಂದು ಲೆಕ್ಕ ಹಾಕಿದವರು ಕಾಣುವುದಿಲ್ಲ. ಹಿಡಕಲ್ ಅಣೆಕಟ್ಟಿನ ವಿದ್ಯುದಾಗಾರ, ಕಬ್ಬಿನ ಸಿಪ್ಪೆ ಉರಿಸಿ ವಿದ್ಯುತ್ ತಯಾರಿಸುವ ಸಕ್ಕರೆ ಕಾರ್ಖಾನೆಗಳು, ಹೆಸ್ಕಾಂ ಉಪಕೇಂದ್ರ, ಸೌರಫಲಕ ಎಲ್ಲ ಕಡೆಯೂ ಈ ವಿದ್ಯೆ ಬೇಕು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಸಿದ ನಾಡು ನಮ್ಮದು. ತಾಂತ್ರಿಕ ವಿಶ್ವವಿದ್ಯಾಲಯವಂತೂ 1998ರಿಂದ ನಮ್ಮ ಬೆಳಗಾವಿಯಲ್ಲೇ ಇದೆ.

“ಬಾಗಿಲು ತೆರೆದಿದ್ದರೇನು, ಗಣಿತ ಬರಬೇಕಲ್ಲ?” ಎಂದು ಕೆಲವು ಶಿಕ್ಷಕ ಮಿತ್ರರು ಕೇಳುತ್ತಾರೆ. ಮಾತು ನಿಜ. ಐಟಿಐಯಿಂದ ಮೇಲೇರುವವರು ಎಡವುವುದು ಹೆಚ್ಚಾಗಿ ಗಣಿತದಲ್ಲೇ. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಹೆಸರಾದ ರಾಜೇಶ್ವರಿ ಚಟರ್ಜಿ (1922–2010) ಅವರು ಈ ಕ್ಷೇತ್ರಕ್ಕೆ ಬಂದದ್ದೇ ಗಣಿತದ ಎಂ.ಎಸ್ಸಿ. ಮುಗಿಸಿ. ಮುಂದೆ ಅಮೆರಿಕದ ಮಿಷಿಗನ್‌ನಲ್ಲಿ ವಿದ್ಯುತ್ ಇಂಜಿನಿಯರಿಂಗ್ ಓದಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಆ ಗಣಿತಕ್ಕೆ ಬುನಾದಿ ಬೀಳುವುದು ಪ್ರಾಥಮಿಕ ಶಾಲೆಯಲ್ಲಿ. ಓಮ್‌ನ ನಿಯಮವೆಂದರೆ ಭಾಗಾಕಾರವೇ: 12 ವೋಲ್ಟನ್ನು 4 ಓಮ್‌ನಿಂದ ಭಾಗಿಸಿದರೆ 3 ಆಂಪಿಯರ್. ಭಿನ್ನರಾಶಿ, ಅನುಪಾತ ತಿಳಿಯದೆ ಹೋದ ಮಗುವಿಗೆ ಹತ್ತು ವರ್ಷದ ನಂತರ ಬಾಗಿಲು ತೆರೆದಿದ್ದರೂ ಒಳಗೆ ಹೋಗಲಾಗದು.

ಆದ್ದರಿಂದ ನನ್ನ ವಿನಂತಿ ಮೂರು. ಒಂದು, ವಿಜ್ಞಾನದ ಪೆಟ್ಟಿಗೆ ಕಪಾಟಿನಿಂದ ಹೊರಗೆ ಬರಲಿ. ಕೋಶ, ಬಲ್ಬು ಪ್ರತಿ ಮಗುವಿನ ಕೈಗೆ ಸಿಗಲಿ, ಹುಡುಗಿಯರ ಕೈಗೂ. ಮನೆಯ ಪ್ಲಗ್ಗಿನ ವಿದ್ಯುತ್ತನ್ನು ಮಾತ್ರ ಎಂದೂ ಮುಟ್ಟಕೂಡದೆಂದು ಮೊದಲೇ ಹೇಳಿ. ಎರಡು, ಗಣಿತದಲ್ಲಿ ಹಿಂದುಳಿದ ಮಗುವನ್ನು “ನಿನಗೆ ಐಟಿಐ ಸಾಕು” ಎಂದು ಬಿಡಬೇಡಿ. ಮೂರು, 1ರಿಂದ 10ನೇ ತರಗತಿಯವರೆಗೆ ಗ್ರಾಮೀಣ ಶಾಲೆಯಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿಯಲ್ಲಿ ನಿಯಮಾನುಸಾರ ಸೀಟುಗಳು ಮೀಸಲಿವೆ. ಅದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರಕ್ಕೆ ನಮ್ಮ ದಾಖಲೆ ಪುಸ್ತಕವೇ ಆಧಾರ. ಹೆಸರು, ತಾರೀಖು ತಪ್ಪದಂತೆ ಬರೆದಿಡೋಣ.

ಆ ಹುಡುಗನಿಗೆ ಅಂದು ಈ ಲೆಕ್ಕವನ್ನೇ ಕರಿಹಲಗೆಯ ಮೇಲೆ ಬರೆದು ತೋರಿಸಿದೆ. “ಏಳ ವರ್ಷ ಅಲ್ರೀ ಸರ್? ಆಗ್ತದ ತಗೋರಿ” ಎಂದ.