ಮಕ್ಕಳಿಗೆ ಇತಿಹಾಸ ತೋರಿಸಲು ಕಾರವಾರ–ಅಂಕೋಲಾ ಬಸ್ಸು ಸಾಕು

ರಜೆ ಬಂತೆಂದರೆ ನಮ್ಮ ಕಡೆಯ ಮನೆಗಳಲ್ಲಿ ಅದೇ ಮಾತು: ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗೋದು? ಕೈಯಲ್ಲಿ ನಾಲ್ಕು ಕಾಸಿದ್ದವರು ಗೋವಾ, ಮೈಸೂರು ಅನ್ನುತ್ತಾರೆ. ಇನ್ನೂ ಹೆಚ್ಚಿದ್ದವರು ಯುರೋಪ್ ಟೂರಿನ ಫೋಟೋ ಸ್ಟೇಟಸ್ಸಿಗೆ ಹಾಕುತ್ತಾರೆ. ಆಸ್ಟ್ರಿಯಾದಲ್ಲಿ ಸಂಗೀತಗಾರ ಮೊಜಾರ್ಟ್ ಹುಟ್ಟಿದ ಮನೆ, ಇಂಗ್ಲೆಂಡಿನಲ್ಲಿ ಶೇಕ್ಸ್‌ಪಿಯರ್ ಹುಟ್ಟಿದ ಮನೆ. ಅಲ್ಲಿನ ಅಪ್ಪ-ಅಮ್ಮಂದಿರು ಟಿಕೆಟ್ ಕೊಂಡು, ಮಕ್ಕಳ ಕೈ ಹಿಡಿದು ಅವನ್ನು ತೋರಿಸುತ್ತಾರೆ. ಅಭ್ಯಾಸ ಒಳ್ಳೆಯದೇ. ಆದರೆ ಅದಕ್ಕೆ ವಿಮಾನವೇ ಹತ್ತಬೇಕೆಂದಿಲ್ಲ.

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ. ಅಲ್ಲಿ ಗೋಬಿ ತಿಂದು, ಸೆಲ್ಫಿ ತೆಗೆದು ಮನೆಗೆ ಬರುತ್ತೇವೆ. ಆ ಹೆಸರು ಯಾಕೆ ಬಂತೆಂದು ಮಕ್ಕಳಿಗೆ ಹೇಳಿದವರು ನಮ್ಮಲ್ಲಿ ಎಷ್ಟು ಜನ? ರವೀಂದ್ರರ ಅಣ್ಣ ಸತ್ಯೇಂದ್ರನಾಥ ಟ್ಯಾಗೋರ್ ಐಸಿಎಸ್ ಸೇರಿದ ಮೊದಲ ಭಾರತೀಯ. ಅವರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1883ರಲ್ಲಿ, 22ರ ಹುಡುಗ ರವೀಂದ್ರ ಅಣ್ಣನ ಮನೆಗೆ ಬಂದ. ಅವರದೂ ಒಂದು ಕುಟುಂಬ ಪ್ರವಾಸವೇ. ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿ ನದಿ ಸುತ್ತಿದ್ದನ್ನು ಮುಂದೆ ಆತ್ಮಕಥೆಯಲ್ಲಿ ಬರೆದರು. ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕ ಬರೆದದ್ದು ಕಾರವಾರದಲ್ಲಿ. 30 ವರ್ಷಗಳ ನಂತರ, 1913ರಲ್ಲಿ, ಅವರಿಗೆ ನೊಬೆಲ್ ಬಂತು.

ಯುರೋಪಿನ ಇತಿಹಾಸವೇ ಬೇಕೆ? ಅದೂ ಇಲ್ಲಿದೆ. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದ ಎಂದು ನಮ್ಮ ಮಕ್ಕಳು ಪರೀಕ್ಷೆಯಲ್ಲಿ ಬರೆಯುತ್ತಾರೆ. ವಾಪಸ್ ಹೋಗುವಾಗ ಅವನ ಹಡಗುಗಳು ನಮ್ಮ ಅಂಜದೀವ್ ದ್ವೀಪದಲ್ಲಿ ತಂಗಿದ್ದವು. ಇಂಗ್ಲೆಂಡಿನ ರಾಜ ಎರಡನೇ ಚಾರ್ಲ್ಸ್‌ಗೆ ಪೋರ್ಚುಗೀಸರು ಬೊಂಬಾಯಿಯನ್ನು ವರದಕ್ಷಿಣೆಯಾಗಿ ಕೊಟ್ಟ ಪಾಠವೂ ಇದೆ. ಆದರೆ 1662ರಲ್ಲಿ ಅದನ್ನು ವಶಕ್ಕೆ ಪಡೆಯಲು ಬಂದ ಇಂಗ್ಲಿಷ್ ಸೈನಿಕರಿಗೆ ಅಲ್ಲಿನ ಪೋರ್ಚುಗೀಸರು ಊರು ಬಿಟ್ಟುಕೊಡಲಿಲ್ಲ. ಆ ಸೈನಿಕರು ಅಂಜದೀವ್‌ನಲ್ಲಿ ಕಾದರು. ಕಾಯುತ್ತಲೇ ಬಹುತೇಕರು ಸತ್ತರು, ಅವರ ನಾಯಕ ಅಬ್ರಹಾಂ ಶಿಪ್‌ಮನ್ ಕೂಡ. ದ್ವೀಪ ಈಗ ಕದಂಬ ನೌಕಾನೆಲೆಗೆ ಸೇರಿದೆ, ನಾವು ಕಾಲಿಡುವಂತಿಲ್ಲ. ಆದರೆ ಬಸ್ಸಿನ ಕಿಟಕಿಯಿಂದ ಕಡಲ ಕಡೆ ಬೆರಳು ಮಾಡಿ ಕಥೆ ಹೇಳಲು ಯಾರ ಪಾಸೂ ಬೇಕಿಲ್ಲ.

ಅದೇ ಬಸ್ಸು ಮುಂದೆ ಚೆಂಡಿಯಾ ದಾಟುತ್ತದೆ. 1948ರಲ್ಲಿ ಕಾಶ್ಮೀರದ ನೌಶೇರಾ–ರಜೌರಿ ರಸ್ತೆಯಲ್ಲಿ, ಗುಂಡಿನ ಮಳೆಯ ನಡುವೆ ನೆಲಬಾಂಬ್ ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟ ಪರಮವೀರ ಚಕ್ರ ವಿಜೇತ ರಾಮ ರಾಘೋಬ ರಾಣೆ ಈ ಊರಿನವರು. ಅಂಕೋಲಾದಲ್ಲಿ ಇಳಿದರೆ ಉಪ್ಪಿನ ಸತ್ಯಾಗ್ರಹದ ನೆಲ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಇಲ್ಲಿ ಉಪ್ಪಿನ ಕಾನೂನು ಮುರಿದರು. ನಂತರದ ಕರನಿರಾಕರಣೆಯಲ್ಲಿ ತಾಲ್ಲೂಕಿನ ಎಷ್ಟೋ ರೈತರು ಗದ್ದೆಯನ್ನೇ ಕಳೆದುಕೊಂಡರು. ಚುಟುಕು ಕವಿ ದಿನಕರ ದೇಸಾಯಿ ಇದೇ ತಾಲ್ಲೂಕಿನ ಅಲಗೇರಿಯವರು. ಊರಿಗೆ ಶಾಲೆ, ಕಾಲೇಜು ಕೊಟ್ಟವರು.

ಇದನ್ನೆಲ್ಲ ಈಗ ಹೇಳಲು ಕಾರಣವಿದೆ. ಹೊನ್ನಳ್ಳಿಯ ತುಳಸಿ ಗೌಡ 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಎರಡು ತಿಂಗಳು ಕಳೆಯುವುದರೊಳಗೆ, 2025ರ ಫೆಬ್ರವರಿಯಲ್ಲಿ, ಬಡಗೇರಿಯ ಸುಕ್ರಿ ಬೊಮ್ಮಗೌಡ ಹೋದರು. ಒಬ್ಬರು ಕಾಡಿನ ಗಿಡ ಬಲ್ಲವರು, ಇನ್ನೊಬ್ಬರು ಹಾಲಕ್ಕಿ ಹಾಡುಗಳ ಕಣಜ. ಇಬ್ಬರಿಗೂ ಪದ್ಮಶ್ರೀ ಬಂದಿತ್ತು. ಅವರ ಅಂಗಳದಲ್ಲಿ ಮಕ್ಕಳನ್ನು ಕೂರಿಸಿ ‘ಅಜ್ಜಿ, ಒಂದು ಹಾಡು ಹೇಳಿ’ ಎನ್ನುವ ಅವಕಾಶ ನಮಗೆ ವರ್ಷಗಟ್ಟಲೆ ಇತ್ತು. ಇನ್ನಿಲ್ಲ.

‘ಅಲ್ಲಿ ನೋಡೋದೇನಿದೆ?’ ಎಂದು ಕೆಲವರು ಕೇಳುತ್ತಾರೆ. ನಿಜ, ಯುರೋಪಿನ ಹಾಗೆ ಗಾಜಿನ ಪೆಟ್ಟಿಗೆ, ಗೈಡು ಎಲ್ಲ ಕಡೆ ಸಿಗುವುದಿಲ್ಲ. ಅದಕ್ಕೇ ಕಥೆ ಹೇಳುವ ಕೆಲಸ ಮನೆಯವರ ಮೇಲೆ ಬೀಳುತ್ತದೆ. ಹೇಳದಿದ್ದರೆ, ದೊಡ್ಡವರೆಲ್ಲ ಬೇರೆಲ್ಲೋ ಹುಟ್ಟುತ್ತಾರೆ, ದೊಡ್ಡದೆಲ್ಲ ಬೇರೆಲ್ಲೋ ನಡೆಯುತ್ತದೆ ಎಂದೇ ಮಗು ನಂಬುತ್ತದೆ. ಹಾಗೆ ನಂಬಿ ಬೆಳೆದವರಿಗೆ ಊರೆಂದರೆ ಬಿಟ್ಟು ಹೋಗುವ ಜಾಗ, ಅಷ್ಟೆ.

ನಮ್ಮ ಬೇಡಿಕೆ ದೊಡ್ಡದಲ್ಲ. ಗ್ರಾಮ ಪಂಚಾಯ್ತಿಗಳು ಇಂಥ ಜಾಗಗಳಲ್ಲಿ ಮಗು ಓದುವಂಥ ಕನ್ನಡದಲ್ಲಿ ಹತ್ತು ಸಾಲಿನ ಬೋರ್ಡ್ ಹಾಕಲಿ. ಮಾಸ್ತರರು ಶಾಲಾ ಪ್ರವಾಸದ ಒಂದು ದಿನವನ್ನು ಸ್ವಂತ ತಾಲ್ಲೂಕಿಗೆ ಕೊಡಲಿ. ಮನೆಯವರು ಸರ್ಕಾರಕ್ಕೆ ಕಾಯಬೇಕಿಲ್ಲ. ಶಕ್ತಿ ಯೋಜನೆಯಿಂದ ಸಾದಾ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಖರ್ಚಿಲ್ಲ. ಹೋಗುವಾಗ ಅಜ್ಜ-ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಬೋರ್ಡಿನಲ್ಲಿ ಇಲ್ಲದ್ದು ಅವರ ಬಾಯಲ್ಲಿರುತ್ತದೆ.